ಮೋಟರಿಗೆ ಕೊಟ್ಟ ಫೋನು

ಯುವರಾಜ ಹೊಸ ಫೋನು ತಂದನೆಂದರೆ ಭಾನುಪ್ರಿಯಾಳ ಎದೆ ಧಸಕ್ಕೆನ್ನುತ್ತಿತ್ತು. ಫೋನು ಬಂದರೆ ಬರಲಿ, ಯಾರು ಬೇಡ ಅಂದರು? ಆದರೆ ಅದರ ಹಿಂದೆಯೇ ಒಂದು ಸಿ.ಡಿ. ಬರುತ್ತಿತ್ತು. ಆ ಸಿ.ಡಿ.ಯಲ್ಲಿ ಫೋನಿಗೆ ಪ್ರೋಗ್ರಾಂ ಬರೆಯುವ ಯಾವುದೋ ಹೊಸ ಹತಾರ ಇರುತ್ತಿತ್ತು. ಆಮೇಲೆ ಒಂದು ವಾರ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದರೂ ಗಂಡನೆಂಬುವವನು ತಲೆ ಎತ್ತಿ ನೋಡುತ್ತಿರಲಿಲ್ಲ.

ಅರಸೀಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವ ಕೆಲಸ ಅವನದು. ಗಂಡಸಿ ಪಕ್ಕದ ಊರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ದಾರಿಯುದ್ದಕ್ಕೂ ಫೋನು ಒತ್ತುವುದೇ ಕಸುಬು. ಎರಡು ವರ್ಷದಲ್ಲಿ ಅವನು ಮಾಡಿದ ಪ್ರೋಗ್ರಾಮುಗಳು ಒಂದೆರಡಲ್ಲ. ಬಸ್ಸಿನ ಟೈಮು ಹೇಳುವುದೊಂದು ಮಾಡಿದ. ಬಸ್ಸುಗಳು ಅದನ್ನು ಕೇಳಲಿಲ್ಲ. ರಾಹುಕಾಲ ಹೇಳುವುದೊಂದು ಮಾಡಿದ. ಅದು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲೇ ಇತ್ತು. ಭಾನುಪ್ರಿಯಾ ಎಲ್ಲವನ್ನೂ ಸಹಿಸಿಕೊಂಡಳು, ಯಾಕೆಂದರೆ ಯಾವುದೂ ಅವಳ ತಂಟೆಗೆ ಬಂದಿರಲಿಲ್ಲ.

ಎರಡು ಸಾವಿರದ ಏಳನೇ ಇಸವಿಯ ಮಾರ್ಚಿನಲ್ಲಿ ಅವನ ಕಣ್ಣು ಮೋಟರಿನ ಮೇಲೆ ಬಿತ್ತು.

ಊರಿಂದ ಒಂದು ಮೈಲಿ ದೂರದ ತೋಟದಲ್ಲಿ ಭಾನುಪ್ರಿಯಾ ತೆಂಗಿನ ಸಸಿ ಬೆಳೆಸಿದ್ದಳು. ಒಳ್ಳೇ ಮರ ನೋಡಿ, ಕಾಯಿ ಆರಿಸಿ, ಮರಳಿನಲ್ಲಿ ಹೂತು, ಮೊಳಕೆ ಬಂದದ್ದನ್ನು ಚೀಲಕ್ಕೆ ತುಂಬಿ, ಆರುನೂರ ನಲವತ್ತು ಸಸಿ. ಗಂಡಸಿಯ ಷಡಕ್ಷರಪ್ಪನವರು ತಮ್ಮ ಹೊಸ ತೋಟಕ್ಕೆ ಅಷ್ಟನ್ನೂ ಬೇಕೆಂದಿದ್ದರು. ಜೂನಿನಲ್ಲಿ ಮೊದಲ ಮಳೆ ಬಿದ್ದ ಕೂಡಲೇ ನೆಡಬೇಕು, ಒಂದು ಗರಿಯೂ ಬಾಡಿರಬಾರದು ಅನ್ನುವುದು ಅವರ ಮಾತು. "ನಿನ್ನ ಹೆಸರು ಕೇಳ್ಕೊಂಡು ಬಂದೆ ಕಣಮ್ಮ" ಎಂದೂ ಅಂದಿದ್ದರು. ಯಾರದೋ ಸೊಸೆ, ಯಾರದೋ ಹೆಂಡತಿ ಅನ್ನಿಸಿಕೊಂಡು ಹತ್ತು ವರ್ಷ ಕಳೆದವಳಿಗೆ ಆ ಮಾತು ಎಷ್ಟು ರುಚಿಸಿತೆಂದರೆ, ಅವತ್ತು ರಾತ್ರಿ ಊಟವೇ ಬೇಕೆನಿಸಲಿಲ್ಲ.

ಆದರೆ ಬೋರಿನ ಕಥೆ ಬೇರೆ. ಬೇಸಿಗೆಯಲ್ಲಿ ಅದು ಕೊಡುತ್ತಿದ್ದದ್ದು ಒಂದೇ ಗಂಟೆಯ ನೀರು. ಒಂದು ಗಂಟೆ ಓಡಿಸಿದರೆ ತೊಟ್ಟಿ ತುಂಬುತ್ತಿತ್ತು, ಆ ತೊಟ್ಟಿಯ ನೀರನ್ನು ಅವಳು ಬಿಂದಿಗೆಯಲ್ಲಿ ಎತ್ತಿ ಸಸಿಗಳಿಗೆ ಹಾಕುತ್ತಿದ್ದಳು. ಅದಕ್ಕಿಂತ ಹೆಚ್ಚು ಓಡಿಸಿದರೆ ಬೋರು ಬತ್ತಿ, ನೀರಿಲ್ಲದೆ ಒಣಗಿ ಓಡಿ ಮೋಟರು ಸುಟ್ಟುಹೋಗುತ್ತಿತ್ತು. ಮೋಟರು ಹೋದರೆ ಸಸಿಗಳ ಗತಿ ಮುಗಿದಂತೆ. ತ್ರೀ ಫೇಸ್ ಕರೆಂಟು ಬೆಳಿಗ್ಗೆ ಆರಕ್ಕೆ ಬಂದು ಹನ್ನೆರಡಕ್ಕೆ ಹೋಗುತ್ತಿತ್ತು. ಅವಳು ಎದ್ದವಳೇ ಓಡಿ ಹೋಗಿ ಮೋಟರು ಹಾಕಿ, ಆರಿಸಿ, ಮನೆಗೆ ಬಂದು ಅಡುಗೆ ಮಾಡಿ, ಮತ್ತೆ ಹತ್ತಕ್ಕೆ ಹೋಗಿ ನೀರು ಹಾಕುತ್ತಿದ್ದಳು.

"ಎರಡೆರಡು ಸಲ ಯಾಕೆ ಒದ್ದಾಡ್ತೀಯ? ಫೋನು ಐತಲ್ಲ" ಎಂದ ಯುವರಾಜ.

ಒಂದು ವಾರ ಕೂತು ಪೆಟ್ಟಿಗೆ ಮಾಡಿದ. ಮನೆಯ ಹಳೇ ಕಪ್ಪು ಬಿಳುಪು ಫೋನನ್ನು ಒಂದು ತಗಡಿನ ಡಬ್ಬಿಯಲ್ಲಿಟ್ಟು, ವೈರು ಎಳೆದು, ಮೋಟರಿನ ಸ್ಟಾರ್ಟರಿಗೆ ಸೇರಿಸಿದ. ಫೋನಿಗೆ ಒಂದು ರಿಂಗು ಬಂದರೆ ಮೋಟರು ಚಾಲೂ, ಇನ್ನೊಂದು ರಿಂಗು ಬಂದರೆ ಬಂದ್. ಎತ್ತುವವರಿಲ್ಲವಾದ್ದರಿಂದ ಎಲ್ಲವೂ ಮಿಸ್ ಕಾಲಿನಲ್ಲೇ ಮುಗಿಯುತ್ತದೆ, ನಯಾಪೈಸೆ ಖರ್ಚಿಲ್ಲ. ಬೆಳಿಗ್ಗೆ ಏಳೂವರೆಗೆ ಬಸ್ಸು ಹತ್ತಿದಾಗ ಒಂದು ರಿಂಗು, ಎಂಟೂವರೆಗೆ ಕಾಲೇಜಿನಲ್ಲಿ ಇಳಿದಾಗ ಒಂದು ರಿಂಗು. ತನ್ನ ಫೋನಿಗೊಂದು ಪ್ರೋಗ್ರಾಮನ್ನೂ ಬರೆದ. ಪರದೆಯ ಮೇಲೆ ಪುಟ್ಟ ಮೋಟರಿನ ಚಿತ್ರ, ಓಡುವಾಗ ಹಸಿರು, ನಿಂತಾಗ ಕೆಂಪು. ಆ ಚಿತ್ರ ಬರೆಯುವುದಕ್ಕೇ ಮೂರು ದಿನ ತಗೊಂಡ.

ಹಳೇ ಫೋನು ಭಾನುಪ್ರಿಯಾಳ ಕೈಲಿದ್ದದ್ದು. ಅದಕ್ಕೆ ಬದಲಾಗಿ ಅವಳಿಗೊಂದು ಕಲರ್ ಫೋನು ಬಂತು, ಹೊಸ ಸಿಮ್ಮು, ಹೊಸ ನಂಬರು. ಅವಳು ನೆಂಟರಿಗೆಲ್ಲ ಒಬ್ಬೊಬ್ಬರಿಗೂ ಹೊಸ ನಂಬರು ಹೇಳುವಷ್ಟರಲ್ಲಿ ಸುಸ್ತಾದಳು.

ಶನಿವಾರ ಸಂಜೆ ಪೆಟ್ಟಿಗೆ ಕೂರಿಸಿದ. ಸೋಮವಾರ ಹತ್ತು ಗಂಟೆಗೆ ಅವಳು ತೋಟಕ್ಕೆ ಹೋದಾಗ ಮೋಟರು ಗೊರಗೊರ ಅನ್ನುತ್ತಿತ್ತು. ಪೈಪಿನಲ್ಲಿ ನೀರಿಲ್ಲ, ಬರೀ ಗಾಳಿ. ಓಡಿ ಹೋಗಿ ಕೈಯಲ್ಲೇ ಆರಿಸಿ, ಗಂಡನಿಗೆ ಫೋನು ಮಾಡಿದಳು.

"ಮೋಟ್ರು ಓಡ್ತಾನೇ ಐತೆ ಕಣ್ರೀ. ನೀವು ಆರಿಸ್ಲಿಲ್ವಾ?"

"ಆರಿಸಿದ್ದೀನಲ್ಲೇ. ನನ್ನ ಫೋನಲ್ಲಿ ಕೆಂಪು ತೋರಿಸ್ತೈತೆ."

"ನಿಮ್ಮ ಫೋನಲ್ಲಿ ಕೆಂಪಿದ್ರೆ ಏನ್ರೀ ಬಂತು? ನಾನು ಮೋಟ್ರು ಪಕ್ಕದಲ್ಲೇ ನಿಂತಿದ್ದೀನಿ."

"ನೀನು ಏನೋ ಮುಟ್ಟಿರ್ತೀಯ ಬಿಡು. ವರ್ಷನ್ ಟೂನಲ್ಲಿ ಸರಿ ಮಾಡ್ತೀನಿ."

ಮುಟ್ಟಿರ್ತೀಯ ಅಂದದ್ದು ಅವಳ ಹೊಟ್ಟೆ ಉರಿಸಿತು. ವರ್ಷನ್ ಟೂ ಬಂತು, ವರ್ಷನ್ ತ್ರೀ ಬಂತು, ಮೋಟರು ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು. ದಿನಾ ಓಡಿ ಹೋಗಿ ಆರಿಸುವುದು ಅವಳ ಕೆಲಸ. ಇನ್ನೂ ಸೋಜಿಗವೆಂದರೆ, ಭಾನುವಾರ ಯುವರಾಜ ಮನೆಯಲ್ಲಿದ್ದು ತಾನೇ ತೋಟಕ್ಕೆ ಹೋಗಿ ನಿಂತು ನೋಡಿದರೆ ಎಲ್ಲ ಸರಿಯಾಗಿ ನಡೆಯುತ್ತಿತ್ತು. ಒಂದು ರಿಂಗಿಗೆ ಚಾಲೂ, ಇನ್ನೊಂದಕ್ಕೆ ಬಂದ್.

"ನೋಡ್ದಾ? ನಾನಿದ್ದಾಗ ಯಾಕೆ ಸರಿಯಾಗಿ ಕೆಲ್ಸ ಮಾಡ್ತದೆ?" ಎಂದು ಅವಳ ಮುಖ ನೋಡುತ್ತಿದ್ದ. ಪಕ್ಕದ ತೋಟದ ಮರುಳಪ್ಪನ ಎದುರಿಗೂ ಹಾಗೆಂದ. ಮರುಳಪ್ಪ ಬೀಡಿ ಕಚ್ಚಿಕೊಂಡು ನಕ್ಕ. ಅವತ್ತು ಅವಳು ಗಂಡನೊಂದಿಗೆ ಮಾತಾಡಲಿಲ್ಲ. ಅವನಿಗೆ ಅದು ತಿಳಿಯಲೂ ಇಲ್ಲ, ಹೊಸ ಫೋನಿನಲ್ಲಿ ಕ್ಯಾಮೆರಾ ಇತ್ತು.

ಅವಳಿಗೆ ಇನ್ನೊಂದು ಸಂಕಟವೂ ಇತ್ತು, ಹೇಳಿಕೊಳ್ಳಲು ಯಾರೂ ಇರಲಿಲ್ಲ. ಬಿಕ್ಕೋಡಿನಲ್ಲಿ ತಮ್ಮ ಕುಮಾರನ ಜೊತೆಯಲ್ಲಿದ್ದ ಅವಳ ಅವ್ವ ಪುಟ್ಟಲಕ್ಷ್ಮಮ್ಮ ಮಿಸ್ ಕಾಲ್ ಕೊಡುವುದನ್ನು ನಿಲ್ಲಿಸಿಬಿಟ್ಟಿದ್ದಳು. ಅವ್ವನಿಗೆ ಓದು ಬರದು. ಕಾಫಿ ತೋಟದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ತಿರುವಿದೆ, ಅಲ್ಲಿ ಮಾತ್ರ ಸಿಗ್ನಲ್ಲು. ದಿನಾ ಎಂಟರ ಹೊತ್ತಿಗೆ ಅಲ್ಲಿ ನಿಂತು, ಕುಮಾರ ಹೇಳಿಕೊಟ್ಟಂತೆ ಎರಡನೇ ಗುಂಡಿಯನ್ನು ಒತ್ತಿ ಹಿಡಿದು, ಒಂದು ರಿಂಗು ಆಗುತ್ತಲೇ ಕತ್ತರಿಸುತ್ತಿದ್ದಳು. ನಾನು ಚೆನ್ನಾಗಿದ್ದೀನಿ ಅಂತ ಅದರರ್ಥ. ಭಾನುಪ್ರಿಯಾ ತಿರುಗಿ ಒಂದು ರಿಂಗು ಕೊಡುತ್ತಿದ್ದಳು, ನಾನೂ ಅಂತ. ಭಾನುವಾರದ ರಜೆ ಬಿಟ್ಟರೆ ಮೂರು ವರ್ಷ ಒಂದು ದಿನ ತಪ್ಪಿರಲಿಲ್ಲ.

ಹೊಸ ಫೋನು ಬಂದಾಗ ಅವಳು ಮೊದಲು ನಂಬರು ಹೇಳಿದ್ದೇ ಕುಮಾರನಿಗೆ. "ಅವ್ವನ ಫೋನಿಗೆ ಹಾಕಿದೀನಿ ಅಕ್ಕ" ಎಂದಿದ್ದ. ಆದರೂ ರಿಂಗಿಲ್ಲ. ತಾನೇ ಮಾಡಿ ನೋಡಿದರೆ ಅವ್ವನ ಫೋನಿಗೆ ಸಿಗ್ನಲ್ಲೇ ಇರುತ್ತಿರಲಿಲ್ಲ. ಒಂದು ಭಾನುವಾರ ಪೇಟೆಗೆ ಹೋಗಿದ್ದ ಕುಮಾರನಿಗೆ ಫೋನು ಮಾಡಿ ಕೇಳಿದರೆ, "ಅವ್ವ ಚೆನ್ನಾಗವ್ಳೆ, ಯಾಕೋ ನಿನ್ ಮಾತೆತ್ತಿದ್ರೆ ಸುಮ್ನಾಗ್ತಾಳೆ" ಎಂದ. ನಾನೇನು ಮಾಡಿದೆ ಅಂತ ಭಾನುಪ್ರಿಯಾ ಸಸಿಗಳ ನಡುವೆ ಕೂತು ಅತ್ತಳು.

ಮೇ ತಿಂಗಳ ಕೊನೆಯ ವಾರ ಹಳೇಬೀಡಿನಲ್ಲಿ ಯುವರಾಜನ ಅಕ್ಕನ ಮನೆಯ ಗೃಹಪ್ರವೇಶ. ಹೋಗದಿದ್ದರೆ ನಡೆಯುವುದಿಲ್ಲ.

"ನೀನು ಹಿಂದಿನ ದಿನಾನೇ ಹೋಗು. ನನಗೆ ಕಾಲೇಜಿನಲ್ಲಿ ಪರೀಕ್ಷೆ ಐತೆ, ಬರಕ್ಕಾಗಲ್ಲ. ಮೋಟ್ರು ನಾನು ನೋಡ್ಕತೀನಿ" ಎಂದ ಅವನು.

"ಮರುಳಪ್ಪಂಗೆ ಹೇಳಿ ಹೋಗ್ತೀನಿ, ಹೋಗಿ ಆರಿಸ್ತಾರೆ."

"ಬೇಡ ಕಣೇ, ನನ್ನ ಮರ್ಯಾದೆ ತೆಗೀಬೇಡ. ವರ್ಷನ್ ಫೋರ್ ಇದು. ಹೊಸ ಸಿ.ಡಿ. ಹಾಕ್ಕಂಡು ಮಾಡಿದ್ದು. ಒಂದ್ಸಲ ನಂಬು."

ಅವಳು ನಂಬಿದಳು. ನಂಬಿದ್ದಕ್ಕೆ ತನ್ನನ್ನೇ ಎಷ್ಟು ಬೈದುಕೊಂಡರೂ ಕಡಿಮೆಯೇ.

ಗೃಹಪ್ರವೇಶದ ದಿನ ಹಳೇಬೀಡಿನಲ್ಲಿ ಊಟ ಮುಗಿಸಿ, ಹಗರೆ ಊರಿನ ಮೇಲೆ ಹೋಗುವ ಬಸ್ಸು ಹಿಡಿದು, ಎರಡು ಬಸ್ಸು ಬದಲಿಸಿ, ಸಂಜೆ ನಾಲ್ಕಕ್ಕೆ ನೇರ ತೋಟಕ್ಕೇ ಬಂದಳು. ಶೆಡ್ಡಿನ ಬಾಗಿಲಲ್ಲಿ ಮರುಳಪ್ಪ ನಿಂತಿದ್ದ. ಒಳಗೆ ಸುಟ್ಟ ವಾಸನೆ.

"ಎಂಟೂವರೆಯಿಂದ ಹನ್ನೊಂದರ ತನಕ ಓಡ್ತಾ ಇತ್ತು ತಾಯಿ, ಆಮೇಲೆ ತಾನೇ ನಿಂತ್ಕಂತು. ಬಂದು ಆರಿಸಾಣ ಅಂದ್ಕಂಡೆ. ಮೊನ್ನೆ ನಿನ್ ಗಂಡ ಪೆಟ್ಟಿಗೆ ಮುಟ್ಟಬೇಡಿ ಅಂದಿದ್ದ, ಅದ್ಕೆ ಸುಮ್ನಾದೆ" ಎಂದ.

ಮೇ ಕೊನೆಗೆ ಬೋರು ಇಳಿದಿತ್ತು, ತೊಟ್ಟಿಯಲ್ಲಿ ಅರ್ಧವೇ ನೀರು. ಹೊರಗೆ ಆರುನೂರ ನಲವತ್ತು ಸಸಿ ಬಿಸಿಲಲ್ಲಿ ನಿಂತಿದ್ದವು. ಭಾನುಪ್ರಿಯಾ ರೇಷ್ಮೆ ಸೀರೆಯಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತಳು.

ಯುವರಾಜ ಬಂದದ್ದು ಐದೂವರೆಗೆ. ಕೊರಳಿಗೆ ಹೊಸ ಫೋನು ನೇತುಹಾಕಿಕೊಂಡಿದ್ದ. ಬಂದವನೇ ಮೋಟರಿನ ಕಡೆ ನೋಡಲಿಲ್ಲ, ಫೋನಿನ ಪರದೆಯನ್ನು ಅವಳ ಮುಂದೆ ಹಿಡಿದ.

"ನೋಡು, ಏಳೂವರೆಗೆ ಹಸಿರು, ಎಂಟೂವರೆಗೆ ಕೆಂಪು. ನನ್ನ ಕಡೆಯಿಂದ ಎಲ್ಲಾ ಸರಿ ಐತೆ."

"ಆ ಪೆಟ್ಟಿಗೆ ಬಿಚ್ಚಿ" ಎಂದಳು.

"ಬಿಚ್ಚಿದ್ರೆ ಸೆಟ್ಟಿಂಗ್ ಎಲ್ಲ ಹೋಗ್ತದೆ."

"ಬಿಚ್ತೀರೋ, ಕಲ್ಲು ತಗೊಂಡು ನಾನೇ ಒಡೀಲೋ?"

ಹತ್ತು ವರ್ಷದಲ್ಲಿ ಆ ದನಿಯನ್ನು ಅವನು ಕೇಳಿರಲಿಲ್ಲ. ತೆಪ್ಪಗೆ ಸ್ಕ್ರೂ ಬಿಚ್ಚಿದ. ಅವಳು ತನ್ನ ಹಳೇ ಫೋನನ್ನು ಕೈಗೆತ್ತಿಕೊಂಡು, ಅಭ್ಯಾಸಬಲದಿಂದ ಮಿಸ್ ಕಾಲುಗಳ ಪಟ್ಟಿ ತೆಗೆದಳು. ಎರಡೇ ಹೆಸರಿದ್ದವು. ಒಂದು ಯುವರಾಜನದು. ಇನ್ನೊಂದು, ಮೂರು ವರ್ಷದ ಹಿಂದೆ ಅವಳೇ ಸಿಮ್ಮಿಗೆ ಹಾಕಿಕೊಂಡಿದ್ದ ಹೆಸರು, ಅವ್ವ.

ಅವ್ವನ ಹೆಸರನ್ನು ಒತ್ತಿದರೆ ಹೊತ್ತು ತೋರಿಸಿತು. ಇವತ್ತು ಎಂಟು ಗಂಟೆ. ನಿನ್ನೆ ಎಂಟೂ ಐದು. ಮೊನ್ನೆ ಏಳೂ ಐವತ್ತೆಂಟು. ಭಾನುವಾರ ಕಾಫಿ ತೋಟಕ್ಕೆ ರಜೆ, ಅವತ್ತು ಇಲ್ಲ. ಶನಿವಾರ ಎಂಟು. ಶುಕ್ರವಾರ ಎಂಟು.

ಕುಮಾರ ಹೊಸ ನಂಬರನ್ನು ಹಾಕಿದ್ದೇನೋ ನಿಜ. ಎರಡನೇ ಗುಂಡಿಗೆ ಮಾತ್ರ ಹಳೇ ನಂಬರೇ ಉಳಿದಿತ್ತು, ಅವ್ವನಿಗೆ ಗೊತ್ತಿದ್ದದ್ದು ಆ ಗುಂಡಿಯೊಂದೇ. ಏಳೂವರೆಗೆ ಗಂಡ ಹಾಕಿದ ಮೋಟರನ್ನು ಎಂಟಕ್ಕೆ ಅವ್ವ ಆರಿಸುತ್ತಿದ್ದಳು, ಎಂಟೂವರೆಗೆ ಗಂಡ ಆರಿಸುತ್ತೇನೆಂದುಕೊಂಡು ಮತ್ತೆ ಹಾಕುತ್ತಿದ್ದ. ಅವ್ವ ಒಂದು ದಿನವೂ ನಿಲ್ಲಿಸಿರಲಿಲ್ಲ. ಎರಡು ತಿಂಗಳ ಕಾಲ ದಿನಾ ಆ ತಿರುವಿನಲ್ಲಿ ನಿಂತು, ಚೆನ್ನಾಗಿದ್ದೀನಿ ಅಂತ ಒಂದು ಮೋಟರಿಗೆ ಹೇಳಿ, ಮಗಳ ರಿಂಗಿಗೆ ಕಾದು, ಬಾರದೆ ಕೆಲಸಕ್ಕೆ ಹೋಗಿದ್ದಳು. ಭಾನುಪ್ರಿಯಾಳ ಕಣ್ಣಲ್ಲಿ ನೀರು ತುಂಬಿತು.

ಹೆಗಲ ಮೇಲಿಂದ ಬಗ್ಗಿ ನೋಡಿದ ಯುವರಾಜನ ಮುಖ ಅರಳಿತು.

"ಹಂಗಾದ್ರೆ ನನ್ನ ಪ್ರೋಗ್ರಾಂನಲ್ಲಿ ತಪ್ಪೇ ಇಲ್ಲ ಕಣೇ! ಮೊದಲನೇ ವರ್ಷನ್ನಿಂದಾನೂ ಸರಿಯಾಗೇ ಐತೆ. ಇದೇನು ಮಹಾ, ವರ್ಷನ್ ಫೈವ್‌ನಲ್ಲಿ ನನ್ನ ನಂಬರು ಒಂದೇ ತಗೊಳ್ಳೋ ಹಂಗೆ ಮಾಡಿದ್ರೆ ಆಯ್ತು. ನಿಮ್ಮವ್ವಂದು ತಾನೇ ಕಟ್ ಆಗ್ತದೆ."

ಭಾನುಪ್ರಿಯಾಳಿಗೆ ಬೈಯಬೇಕೆಂದು ಬಾಯಿಗೆ ಬಂದದ್ದೆಲ್ಲ ಅಲ್ಲೇ ನಿಂತಿತು. ಈ ಮನುಷ್ಯ ಕೆಟ್ಟವನಲ್ಲ, ಅದೇ ದೊಡ್ಡ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು.

"ನಿಮ್ಮ ಪ್ರೋಗ್ರಾಂ ಸರಿಯಾಗೇ ಐತೆ, ಒಪ್ಕೊಂಡೆ" ಎಂದಳು. "ನನ್ನ ಮೋಟ್ರು ಸುಟ್ಟೋಯ್ತು. ನನ್ನವ್ವ ಎರಡು ತಿಂಗಳು ಕಾದವ್ಳೆ. ಮುಟ್ಟಿರ್ತೀಯ ಅಂದ್ರಿ, ಮರುಳಪ್ಪನ ಮುಂದೇನೂ ತಪ್ಪು ನನ್ದೇ ಅನ್ನೋ ಹಂಗೆ ಮಾತಾಡಿದ್ರಿ. ಇನ್ನೇನು ಸರಿ ಇರಬೇಕಿತ್ತು ಹೇಳಿ."

ಅವಳು ಹಳೇ ಫೋನಿನ ಬೆನ್ನು ಬಿಚ್ಚಿ ಸಿಮ್ಮು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಸೀರೆಯನ್ನು ಮೇಲೆ ಕಟ್ಟಿ, ಬಿಂದಿಗೆ ತಗೊಂಡು, ಅರ್ಧ ತೊಟ್ಟಿಯಲ್ಲಿದ್ದ ನೀರನ್ನು ಎತ್ತಿ ಸಸಿಗಳಿಗೆ ಹಾಕತೊಡಗಿದಳು. ಯುವರಾಜ ಕೊರಳಿನ ಫೋನನ್ನು ತೆಗೆದು ಶೆಡ್ಡಿನ ಮೊಳೆಗೆ ನೇತುಹಾಕಿ, ಇನ್ನೊಂದು ಬಿಂದಿಗೆ ಎತ್ತಿಕೊಂಡ. ಅವಳು ಬೇಡ ಅನ್ನಲಿಲ್ಲ, ಬನ್ನಿ ಅನ್ನಲೂ ಇಲ್ಲ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಅವಳು ಮರುಳಪ್ಪನ ತೋಟದಿಂದ ನೀರು ಹೊರುತ್ತಿದ್ದಳು. ಹಳೇ ಸಿಮ್ಮು ಹಾಕಿಕೊಂಡಿದ್ದ ಫೋನು ಸೊಂಟದಲ್ಲಿ ಬಡಿದುಕೊಂಡಿತು. ಒಂದು ರಿಂಗು ಮುಗಿಯುವುದರೊಳಗೆ ಬಿಂದಿಗೆ ಇಳಿಸಿ ಎತ್ತಿಬಿಟ್ಟಳು.

ಆ ಕಡೆ ಅವ್ವ ಗಾಬರಿಯಾದಳು. "ಯಾಕವ್ವ ಎತ್ತಿದ್ದು? ದುಡ್ಡು ಓಯ್ತದೆ, ಇಡು ಇಡು."

"ಹೋಗ್ಲಿ ಅವ್ವ, ಮಾತಾಡು."

ಅವ್ವ ಮೆಲ್ಲಗೆ ಕೇಳಿದಳು, "ನನ್ ಮ್ಯಾಲೆ ಏನಾರ ಕ್ವಾಪ ಆಗಿತ್ತಾ ಮಗಾ? ಎಲ್ಡು ತಿಂಗ್ಳಿಂದ ತಿರುಗಿ ಕೊಡ್ಲೇ ಇಲ್ಲ. ಆದ್ರೂ ರಿಂಗ್ ಆಯ್ತಿತ್ತಲ್ಲ, ಅಷ್ಟೇ ಸಾಕು ಅಂದ್ಕಂಡು ದಿನಾ ಒತ್ತಿದೆ."

ಭಾನುಪ್ರಿಯಾ ಬದುವಿನ ಮೇಲೆ ಕೂತಳು. ಸಸಿಗಳಿಗೆ ಇನ್ನೂ ನಲವತ್ತು ಬಿಂದಿಗೆ ನೀರು ಬೇಕಿತ್ತು. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ, ಅವ್ವನಿಗೆ ಮೋಟರಿನಿಂದಲೇ ಹೇಳತೊಡಗಿದಳು.