ಹಗ್ಗ ಹರಿದ ಮಧ್ಯಾಹ್ನ

ಅಮೆರಿಕದ ಪವೆಲ್ ಸರೋವರದಲ್ಲಿ ಹೌಸ್‌ಬೋಟ್ ಹೊರಟಿತೆಂದರೆ ಅದರ ಹಿಂದೆ ಹಗ್ಗ ಕಟ್ಟಿದ ಸ್ಕೀ ಬೋಟ್ ಎಂಬ ಸಣ್ಣ ಮೋಟಾರು ದೋಣಿ, ಹಸುವಿನ ಹಿಂದೆ ಕರು ಬರುವ ಹಾಗೆ, ತೇಲುತ್ತ ಬರುತ್ತಿತ್ತು. ಸಂಜೆ ಮಕ್ಕಳು ನೀರಿನ ಮೇಲೆ ಜಾರಾಡುವಾಗ ಅದು ಬೇಕು. ಅಲ್ಲಿಯವರೆಗೆ ಅದರಲ್ಲಿ ಯಾರೂ ಕೂರುತ್ತಿರಲಿಲ್ಲ. ವಯಸ್ಸಾದ ಮೇಲೂ ಆ ಸರೋವರದ ಮಾತು ಬಂದರೆ ಆರ್ಡಿತ್‌ಗೆ ಮೊದಲು ನೆನಪಾಗುತ್ತಿದ್ದುದು ಒಂದು ಮಧ್ಯಾಹ್ನ.

ಆಗ ಅವಳ ಮಕ್ಕಳು ಇನ್ನೂ ಚಿಕ್ಕವರು. ಗಂಡ ವರ್ಲ್ ಮತ್ತು ಅವನ ಅಕ್ಕ ಲರೂ, ಇಬ್ಬರ ಸಂಸಾರವೂ ಸೇರಿ ಒಂದೇ ಹೌಸ್‌ಬೋಟ್ ಬಾಡಿಗೆಗೆ ಹಿಡಿದಿದ್ದರು. ಆದರೆ ಅತ್ತೆಯ ಶವಸಂಸ್ಕಾರದ ದಿನದಿಂದ ಆರ್ಡಿತ್‌ಗೂ ಲರೂಗೂ ಮಾತಿರಲಿಲ್ಲ. ಅಂದು ಚರ್ಚಿನ ಊಟಕ್ಕೆ ಆರ್ಡಿತ್ ಮಾಡಿ ತಂದ ಆಲೂಗಡ್ಡೆ ಸಲಾಡನ್ನು ಲರೂ ಎಲ್ಲರೆದುರೇ ಮೇಜಿನ ಮೂಲೆಗೆ ತಳ್ಳಿಬಿಟ್ಟಿದ್ದಳು. ಸಣ್ಣ ವಿಷಯವೇ. ಮುಳ್ಳೂ ಸಣ್ಣದೇ ಅಲ್ಲವೇ?

ಮಧ್ಯಾಹ್ನ ಊಟಕ್ಕೆ ನಿಂತಾಗ, ಗದ್ದಲ ತಾಳಲಾರದೆ, ಆರ್ಡಿತ್ ಮೆಲ್ಲಗೆ ಸ್ಕೀ ಬೋಟಿಗಿಳಿದು ಅದರ ಬಟ್ಟೆ ಚಾವಣಿಯ ನೆರಳಿನಲ್ಲಿ ಮಲಗಿದಳು. ಎಚ್ಚರವಾದಾಗ ಎದುರು ಸೀಟಿನಲ್ಲಿ ಲರೂ ಗೊರಕೆ ಹೊಡೆಯುತ್ತಿದ್ದಳು. ಅವಳೂ ಅದೇ ಉಪಾಯ ಮಾಡಿದ್ದಳು. ಸುತ್ತಲೂ ಕೆಂಪು ಬಂಡೆ, ನೀರು. ಹೌಸ್‌ಬೋಟ್ ಮಾತ್ರ ಎಲ್ಲೂ ಇಲ್ಲ. ಉಜ್ಜಿ ಉಜ್ಜಿ ಸವೆದ ಹಗ್ಗ ಹರಿದು, ಅದರ ತುಂಡು ನೀರಿನಲ್ಲಿ ಇಳಿಬಿದ್ದಿತ್ತು. ಸ್ಕೀ ಬೋಟಿನ ಎಂಜಿನ್ ಕೀಲಿ ವರ್ಲನ ಜೇಬಿನಲ್ಲಿತ್ತು.

ಆರ್ಡಿತ್ ಅವಳ ಭುಜ ಅಲುಗಿಸಿದಳು. ಲರೂ ಎದ್ದು ನಾಲ್ಕೂ ದಿಕ್ಕು ನೋಡಿದಳು.

"ನಮ್ಮನ್ನ ಬಿಟ್ಟೇ ಹೋದ್ರಾ?"

"ಹೋಗಿದ್ದಾರೆ. ಇನ್ನೂ ಗೊತ್ತೂ ಆಗಿರಲ್ಲ."

"ರಾತ್ರಿ ಅಡುಗೆ ಹೊತ್ತಿಗೆ ಗೊತ್ತಾಗುತ್ತೆ ಬಿಡು," ಎಂದಳು ಲರೂ.

ಆರ್ಡಿತ್‌ಗೆ ನಗು ತಡೆಯಲಾಗಲಿಲ್ಲ. ಬೋಟಿನಲ್ಲಿದ್ದ ಡಬ್ಬಿಯೊಂದರ ಪೀಚ್ ಹಣ್ಣುಗಳನ್ನು ಇಬ್ಬರೂ ಹಂಚಿಕೊಂಡು, ನೀರಿಗೆ ಕಾಲು ಇಳಿಬಿಟ್ಟು ಕೂತರು. ಲರೂ ತಾನಾಗಿಯೇ ಸಲಾಡಿನ ಮಾತು ತೆಗೆದಳು.

"ಉಪ್ಪು ಕಮ್ಮಿ ಇತ್ತು, ಅದು ನಿಜ. ಆದ್ರೆ ಅವತ್ತು ಅಮ್ಮನ್ನ ಮಣ್ಣು ಮಾಡಿ ಬಂದಿದ್ದೆ ಕಣೆ. ಯಾರ ಮೇಲಾದ್ರೂ ಸಿಟ್ಟು ತೀರಿಸ್ಕೋಬೇಕಿತ್ತು. ನೀನು ಸಿಕ್ಕಿದೆ."

"ಅದನ್ನ ಆವಾಗ್ಲೇ ಹೇಳಿದ್ರೆ ಆಗ್ತಿತ್ತಲ್ಲ."

"ಹೇಳೋಕೆ ನೀನು ಎದುರಿಗೆ ನಿಂತ್ಕೊಂಡ್ರೆ ತಾನೆ?"

ಅದೂ ನಿಜವೇ. ಆರ್ಡಿತ್ ಇನ್ನೊಂದು ಪೀಚ್ ತೆಗೆದು ಅವಳ ಕೈಗಿಟ್ಟಳು.

ಬಿಸಿಲು ಬಂಡೆಯ ತುದಿಗೇರಿದಾಗ ಹೌಸ್‌ಬೋಟ್ ಮೆಲ್ಲಗೆ ತಿರುವಿನಲ್ಲಿ ಕಾಣಿಸಿತು. ಮುಂದೆ ನಿಂತ ವರ್ಲನ ಮುಖ ಸುಣ್ಣದಂತಾಗಿತ್ತು. ಅಳುವುದೋ ಬೈಯುವುದೋ ತಿಳಿಯದೆ ಅವನು ಹಗ್ಗವನ್ನೇ ಬೈದ.

ಮರುವರ್ಷದಿಂದ ಹೌಸ್‌ಬೋಟ್ ಜಾಗ ಬದಲಿಸಿದಾಗಲೆಲ್ಲ ಇವರಿಬ್ಬರೂ ಹಿಂದಿನ ಬೋಟಿನಲ್ಲೇ. ಇಬ್ಬರೇ ಸಿಗುವ ಜಾಗ ಅದೊಂದೇ. ಗಂಡಂದಿರ ಮೇಲಿನ ದೂರು, ಮಕ್ಕಳ ಮದುವೆ, ಲರೂಗೆ ಬಂದ ಕಾಯಿಲೆಯ ಮೊದಲ ಸುದ್ದಿ, ಎಲ್ಲವೂ ಅಲ್ಲೇ ಮಾತಾದವು.

ಹೋದ ಚಳಿಗಾಲದಲ್ಲಿ ಲರೂ ತೀರಿಕೊಂಡಳು. ಈ ಬೇಸಿಗೆಗೆ ಆರ್ಡಿತ್ ಬರುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಅವಳು ಬಂದಳು. ಮೊಮ್ಮಗನ ಕೈ ಹಿಡಿದು ಹಿಂದಿನ ಬೋಟಿಗಿಳಿದಳು. ಸರೋವರದ ನೀರು ಇಳಿದು, ಬಂಡೆಗಳ ಮೇಲೆ ಹಿಂದಿನ ನೀರಿನ ಮಟ್ಟ ತೋರಿಸುವ ಬಿಳಿ ಪಟ್ಟೆ ಎತ್ತರಕ್ಕೆ ಕಾಣುತ್ತಿತ್ತು. ಸ್ವಲ್ಪ ಹೊತ್ತು ಅತ್ತಳು. ಆಮೇಲೆ, ಬೋಟ್ ತೂಗುತ್ತಿದ್ದ ಹಾಗೇ, ಒಳ್ಳೆಯ ನಿದ್ದೆ ಬಂತು.