ಎಡಗಡೆಯ ತಂತಿ

ತಲಾಕ್ ಆದಂದಿನಿಂದ ನಿಶಾತ ನವಾಜನನ್ನು ‘ನೀವು’ ಬಿಟ್ಟು ‘ನೀ’ ಅನ್ನುತ್ತಿದ್ದಳು. ಅವನಿಗೆ ಅದು ಮೈಮೇಲೆ ಬಿಸಿ ಚಹಾ ಚೆಲ್ಲಿದಂತಾಗುತ್ತಿತ್ತು, ಅದಕ್ಕೇ ಅನ್ನುತ್ತಿದ್ದಳು. ಪಾತ್ರೆ, ಸ್ಕೂಟರ್, ಕಪಾಟು ಎಲ್ಲ ಹಂಚಿಕೆಯಾಗಿದ್ದವು. ಒಟ್ಟಿಗೆ ಖರೀದಿಸಿದ್ದ ಹಾಯಿದೋಣಿಯನ್ನು ಮಾತ್ರ ಇಬ್ಬರೂ ಬಿಟ್ಟುಕೊಡಲಿಲ್ಲ. ನಡೆಸಲು ಇಬ್ಬರು ಬೇಕೇ ಬೇಕಾದ ದೋಣಿ. ಹೀಗಾಗಿ ಹಂಗಾಮಿನ ಕೊನೆಯ ರೇಸಿನ ಬೆಳಿಗ್ಗೆ, ದೋಣಿ ಕ್ಲಬ್ಬಿನ ಧಕ್ಕೆಯ ಕಟ್ಟೆಯಲ್ಲಿ, ಮುಖ ಗಂಟಿಕ್ಕಿಕೊಂಡೇ ಹಾಯಿಕಂಬ ನೆಟ್ಟಗೆ ಮಾಡಲು ಕೂತಿದ್ದರು.

ಕಂಬವನ್ನು ಎಡಕ್ಕೊಂದು ಬಲಕ್ಕೊಂದು ಉಕ್ಕಿನ ತಂತಿ ಹಿಡಿದು ನಿಲ್ಲಿಸಿತ್ತು. ತಂತಿಯ ಬುಡದ ತಿರುಪು ಸುತ್ತಿದರೆ ಬಿಗಿ, ಬಿಚ್ಚಿದರೆ ಸಡಿಲ. ನಿಶಾತ ಟೇಪನ್ನು ಹಗ್ಗಕ್ಕೆ ಕಟ್ಟಿ ಕಂಬದ ತುದಿಗೇರಿಸಿ, ದೋಣಿಯ ಎರಡೂ ಅಂಚಿಗೆ ಎಳೆದು ಅಳೆದಳು.

“ಎಡಕ್ಕ ವಾಲೈತಿ. ಎಡದ್ದು ಸಡಿಲ ಮಾಡು, ಬಲದ್ದು ಬಿಗಿ.”

“ನಿನ್ನ ಅಳತಿ ನೀನ ಇಟ್ಕೋ,” ಅಂದ ನವಾಜ. “ನಾ ಕಣ್ಣಿಲೆ ನೋಡೀನಿ. ಸೀದಾ ಐತಿ.”

“ಕಣ್ಣಿಲೆ ನೋಡೇ ನನ್ನ ಮಾಡ್ಕೊಂಡಿದ್ದಿ.”

“ಹೌದು. ಅದೊಂದು ತಪ್ಪಾತು.”

ತಿರುಪುಗಳು ತಾವಾಗಿ ಬಿಚ್ಚದಂತೆ ಪಿನ್ ಸಿಕ್ಕಿಸಿ, ಅವನು ಲೈಫ್ ಜಾಕೆಟ್ ತರಲು ಹೋದ. ನಿಶಾತಳಿಗೆ ತಡೆಯಲಾಗಲಿಲ್ಲ. ಎಡಗಡೆಯ ಪಿನ್ ಕಿತ್ತು ಜೇಬಿಗೆ ಹಾಕಿಕೊಂಡು ತಿರುಪು ಸಡಿಲಿಸಿದಳು. ಬಲಕ್ಕೆ ಕೈಹಾಕುವಷ್ಟರಲ್ಲಿ ಅವನ ದನಿ ಕೇಳಿಸಿತು. ಏನೂ ಮಾಡದವಳಂತೆ ಎದ್ದು ನಿಂತಳು. ಅವನು ಬಂದೊಡನೆ ಮತ್ತೆ ಹತ್ತಿದ ಜಗಳದ ಬಿಸಿಯಲ್ಲಿ ಪಿನ್ನಿನ ನೆನಪು ಹಾರಿಹೋಯಿತು.

ನೀರಿಗಿಳಿದ ಮೇಲೆ ಗಾಳಿ ಜೋರಾಯಿತು. ಅವರೇ ಮುಂದಿದ್ದರು. ಚುಕ್ಕಾಣಿ ನವಾಜನ ಕೈಯಲ್ಲಿತ್ತು. ಗಾಳಿ ಎಡದಿಂದ ಬಡಿಯುತ್ತಿತ್ತು. ಹಾಯಿಯ ಭಾರವೆಲ್ಲ ಎಡಗಡೆಯ ತಂತಿಯ ಮೇಲೆ. ಟಿಕ್, ಟಿಕ್ ಸದ್ದಿಗೆ ನಿಶಾತ ಬಗ್ಗಿ ನೋಡಿದಳು. ತಿರುಪು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಇನ್ನೆರಡು ಸುತ್ತಿಗೆ ತಂತಿ ಕಳಚಿ ಕಂಬ ಮುರಿಯುತ್ತಿತ್ತು.

“ತಿರುಗಸು. ಈಗಿಂದೀಗ ತಿರುಗಸು.”

“ಬಾಯಿ ಮುಚ್ಕೊಂಡು ಕೂಡು. ಗೆಲ್ಲಾಕತ್ತೀವಿ.”

ಅವಳು ಚುಕ್ಕಾಣಿಗೆ ಕೈಹಾಕಿ ಬಲವಾಗಿ ನೂಕಿದಳು. ದೋಣಿ ಗರ್ರನೆ ತಿರುಗಿತು, ಹಾಯಿ ಬಲಗಡೆಯಿಂದ ಎಡಕ್ಕೆ ಬಡಿಯಿತು, ಗಾಳಿಯ ಭಾರ ಬಲಗಡೆಯ ತಂತಿಗೆ ಹೋಯಿತು. ಹಿಂದಿದ್ದ ದೋಣಿಗಳು ಒಂದೊಂದಾಗಿ ದಾಟಿಹೋದವು. ನವಾಜ ಬೈಯುತ್ತಲೇ ಇದ್ದ. ಅವಳು ಜೋಲುಬಿದ್ದ ಎಡಗಡೆಯ ತಿರುಪನ್ನು ಬೆರಳಲ್ಲೇ ಸುತ್ತಿ, ಜೇಬಿನಿಂದ ಪಿನ್ ತೆಗೆದು ಸಿಕ್ಕಿಸುವುದನ್ನು ಕಂಡು ಅವಳ ಕೈಯತ್ತ ಬಗ್ಗಿದ.

“ನಿನ್ನ ಕಿಸೆದಾಗ ಹ್ಯಾಂಗ ಬಂತು?”

“ನಾನ ತಗದಿದ್ದೆ.”

“ನನ್ನ ಮುಳುಗಸಾಕ?”

“ದೋಣ್ಯಾಗ ನಾನೂ ಅದೀನಿ. ಕಂಬ ಸೀದಾ ಆಗ್ಲಿ ಅಂತ.”

ವಾಪಸು ಬರುವವರೆಗೆ ಅವನು ಅವಳ ಕಡೆ ನೋಡಲಿಲ್ಲ. ಧಕ್ಕೆ ಹತ್ತಿದ್ದೇ ಎಲ್ಲರಿಗೂ ಕೇಳುವಂತೆ, “ಇಕಿ ನನ್ನ ಕೊಲ್ಲಾಕ ನೋಡಿದ್ಳು,” ಅಂದ. ನಿಶಾತ ದೋಣಿಯ ಹಗ್ಗವನ್ನು ಧಕ್ಕೆಗೆ ಕಟ್ಟಿ ಎದ್ದಳು. ನಾಲ್ಕು ಮಾತು ಹೇಳಿ ಬಾಯಿ ಮುಚ್ಚಿಸಬಹುದಿತ್ತು. ಹೇಳದೆ ಚಪ್ಪಲಿ ಮೆಟ್ಟಿ ನಡೆದಳು.

ಆಂಟಾಪ್ ಹಿಲ್ ಬಡಾವಣೆಯ ಮನೆಯಲ್ಲಿ ಅವಳ ತಾಯಿ ದೌಲತಬಿ ರೊಟ್ಟಿ ಬಡಿಯುತ್ತಿದ್ದಳು.

“ಗೆದ್ರೇನು?”

“ಇಲ್ಲಮ್ಮಾ.”

“ಮತ್ತ ಜಗಳಾಡಿದ್ನೇನು ಆ ನವಾಜ?”

“ಇವತ್ತಿಂದು ನಂದ ತಪ್ಪು,” ಅಂದಳು ನಿಶಾತ. “ಅವ್ನ ಮುಂದ ಮಾತ್ರ ಹೇಳಂಗಿಲ್ಲ.”