ತಮ್ಮನ ಕೈಗವಸು

ಸೋದರಮಾವ ಷರೀಫ್ ಆಗಲೇ ಗುಂಡಿಗಿಳಿದು ಮೇಲಕ್ಕೆ ಕೈ ಚಾಚಿದ್ದರು. ಶಹರ್ ಬಾನುವಿನ ಹೆಣವನ್ನು ಇಳಿಸಿಕೊಳ್ಳಲು ಇನ್ನೊಬ್ಬರು ಬೇಕಿತ್ತು. ಹೆಂಗಸಾದರೆ ಹತ್ತಿರದ ರಕ್ತಸಂಬಂಧಿಗಳೇ ಹಿಡಿಯಬೇಕು. ಹಾಗೆ ಉಳಿದಿದ್ದವನು ತಮ್ಮ ಮಜರ್ ಒಬ್ಬನೇ. ಅವನು ಅಂಚಿನಲ್ಲೇ ನಿಂತು, ಅಕ್ಕನ ಲ್ಯಾಬಿನಿಂದ ಬಂದಿದ್ದ ನರಸಿಂಹಮೂರ್ತಿಯ ಕಡೆ ತಿರುಗಿದ.

"ಸರ್, ಗ್ಲೌಸ್ ಏನಾದ್ರೂ ತಂದಿದೀರಾ?"

"ಯಾಕಪ್ಪ?"

"ಅವಳು ದಿನಾ ಮುಟ್ತಿದ್ದಿದ್ದು ಶ್ವಾಸಕೋಶದ ಕಾಯಿಲೆ. ನನಗೂ ಮಕ್ಕಳಿದಾವೆ."

"ಅವರಿಗಾಗಿದ್ದು ಹಾರ್ಟ್ ಅಟ್ಯಾಕು ಕಣಪ್ಪ. ಲ್ಯಾಬಲ್ಲೇ ಕುಸಿದ್ರು. ನನ್ನ ತೋಳಲ್ಲೇ ಜೀವ ಹೋಯ್ತು."

ಮಜರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾರೋ ಮೆಡಿಕಲ್ ಶಾಪಿಗೆ ಬೈಕು ಓಡಿಸಿದರು. ಶಿಡ್ಲಘಟ್ಟದ ಬಿಸಿಲಿನಲ್ಲಿ ಹೆಣ ಕಾಯಬೇಕಾಯಿತು.

*

ಚಿಕ್ಕಬಳ್ಳಾಪುರದ ಲ್ಯಾಬಿನಲ್ಲಿ ಶಹರ್ ಬಾನುವಿನ ಕೆಲಸ ಇಲಿಗಳ ಶ್ವಾಸಕೋಶ ಅರೆಯುವುದು. ಅದರೊಳಗೆ ಬೆಳೆಯುವ ಒಂದು ಸೂಕ್ಷ್ಮ ಶಿಲೀಂಧ್ರಕ್ಕೆ ಎರಡು ಅವಸ್ಥೆ: ಎಳೆಯದು ಸಣ್ಣದು, ಮೆತ್ತನೆಯದು; ಬಲಿತದ್ದು ದಪ್ಪ ಗೋಡೆಯ ಗುಂಡು ಕೋಶ. ಒಂದಕ್ಕೆ ನಾಟುವ ಮದ್ದು ಇನ್ನೊಂದಕ್ಕೆ ನಾಟದು, ಹಾಗಾಗಿ ಬೇರೆ ಮಾಡಿಯೇ ಪರೀಕ್ಷಿಸಬೇಕು. ಅರೆದದ್ದನ್ನು ಬಲು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿದರೆ ಎಳೆಯವು ನುಸುಳಿ ಇಳಿಯುತ್ತವೆ, ಬಲಿತವು ಮೇಲೆ ಉಳಿಯುತ್ತವೆ.

ಆ ಸಂಬಳದಲ್ಲೇ ಮಜರ್ ಓದಿದ, ಮದುವೆಯಾದ. ಮಗಳು ಇಫ್ರಾ ಅತ್ತೆಯ ಮಡಿಲೇರಿದ ದಿನ ಮಗುವನ್ನು ಕಿತ್ತುಕೊಂಡ.

"ಈ ಕಾಯಿಲೆ ಗಟ್ಟಿಯಿರೋರಿಗೆ ಏನೂ ಮಾಡಲ್ಲ ಕಣೋ. ಸೋತ ಮೈನೇ ಹುಡುಕ್ಕೊಂಡು ಹೋಗುತ್ತೆ," ಅಂದಳು ಶಹರ್ ಬಾನು.

"ಇರ್ಲಿ ಆಪಾ. ನಿನ್ನ ತಟ್ಟೆ ಲೋಟಾನೂ ಬೇರೆ ಇಟ್ಕೊ."

ಬೇರೆ ಮಾಡುವುದರಲ್ಲಿ ಅಕ್ಕನಿಗಿಂತ ತಮ್ಮನೇ ಪಳಗಿದವನು. ಅವಳ ಸಂಬಳದಲ್ಲಿ ಮಾತ್ರ ಅವನಿಗೆ ಯಾವ ಸೋಂಕೂ ಕಾಣಲಿಲ್ಲ. ಉಂಡ ಮನೆಯ ಗಳ ಎಣಿಸುವುದು ಅಂದರೆ ಇದೇ. ಅವಳು ಅತ್ತಳೋ ಇಲ್ಲವೋ, ಅಂದಿನಿಂದ ಊಟ ಮಾತ್ರ ಹಿತ್ತಿಲ ಮೆಟ್ಟಿಲ ಮೇಲಾಯಿತು.

*

ಗ್ಲೌಸ್ ಬಂತು. ಮಜರ್ ಹಾಕಿಕೊಂಡು, ಬಾಯಿಗೆ ಕರ್ಚೀಫು ಬಿಗಿದು ಇಳಿದ. ಹೆಣ ಇಳಿಸಿ ಮಲಗಿಸಿದರು. ಹೆಣಕ್ಕೆ ಸುತ್ತಿದ ಕಫನ್ ಬಟ್ಟೆಯ ತಲೆಕಡೆಯ ಗಂಟು ಬಿಚ್ಚಬೇಕು; ರಬ್ಬರಿನ ಬೆರಳು ಜಾರಿತು.

"ಅದನ್ನ ತೆಗೆದು ಬಿಚ್ಚೋ," ಅಂದರು ಷರೀಫ್.

"ಆಗಲ್ಲ ಮಾಮು. ನೀವೇ ಬಿಚ್ಚಿ."

ಮುದುಕರು ಬರಿಬೆರಳಲ್ಲೇ ಗಂಟು ಬಿಚ್ಚಿದರು. ಅವಳ ಮುಖವನ್ನು ಪಡುವಣಕ್ಕೆ ತಿರುಗಿಸಿ, ಕೆನ್ನೆಯ ಮೇಲೆ ಕೈಯಿಟ್ಟು ಅವರು ಅತ್ತುಬಿಟ್ಟರು.

"ನಿನ್ನನ್ನ ಎತ್ತಿ ಸಾಕಿದೋಳು ಕಣೋ," ಅಂದರು.

ಮಜರ್ ಅಷ್ಟರಲ್ಲಿ ಮೇಲೆ ಹತ್ತಿದ್ದ.

ಹೆಣದ ಮೇಲೆ ಹಲಗೆ ಮುಚ್ಚಿದರು. ಮಣ್ಣಿಗೆ ತಮ್ಮನೇ ಮೊದಲಾಗಲಿ ಎಂದು ಜನ ದಾರಿ ಬಿಟ್ಟರು. ಮಜರ್ ಗ್ಲೌಸ್ ಎರಡನ್ನೂ ಕಿತ್ತೆಸೆದು, ಬರಿಗೈಯಲ್ಲಿ ಮೂರು ಹಿಡಿ ಮಣ್ಣು ಹಾಕಿದ.